ಕೈಗಳ ಮೇಲೆ ಕೂತವರು

ಅವರನ್ನು ನೆನೆಸಿಕೊಂಡರೆ ಮೊದಲು ಕಣ್ಣಿಗೆ ಬರುವುದು ಮುಖವಲ್ಲ, ಕೂರುವ ರೀತಿ. ಜಪಾನಿನ ಕಾವಾಸಾಕಿಯ ಸಮುದಾಯ ಭವನದ ಮೇಲಿನ ಕೋಣೆಯಲ್ಲಿ ಮಡಚುವ ಕುರ್ಚಿಯೊಂದನ್ನು ಎಳೆದುಕೊಂಡು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತೂರಿಸಿ, ತಮ್ಮ ಕೈಗಳ ಮೇಲೆ ತಾವೇ ಕೂತುಬಿಡುತ್ತಿದ್ದರು. ನಾನು ಮೊದಲು ನೋಡಿದ್ದು ಚಳಿಗಾಲದಲ್ಲಿ. ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಆಗಸ್ಟಿನ ಬೇಗೆಯಲ್ಲೂ ಹಾಗೇ ಕೂತಿದ್ದು ಕಂಡಮೇಲೆ ಕೇಳಿದೆ.

"ನನ್ನ ಕೈ ಸುಮ್ನಿರಲ್ಲ ಕಣೇ," ಅಂದರು. "ಬೇರೆಯವರು ಕೀಬೋರ್ಡ್ ಮುಂದೆ ತಡವರಿಸ್ತಿದ್ರೆ ತಾನಾಗೇ ಎದ್ದು ಹೋಗುತ್ತೆ. ಅದಕ್ಕೇ ಮೇಲೆ ಕೂತಿದೀನಿ."

ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಗೌರವಕ್ಕೋ ಸಂಕೋಚಕ್ಕೋ ಅಲ್ಲ. ಕಾರಣ ಬೇರೆ, ಕೊನೆಗೆ ತಾನೇ ಬರುತ್ತದೆ. ನಾವೆಲ್ಲ ಅಕ್ಕ ಅನ್ನುತ್ತಿದ್ದೆವು. ಲ್ಯಾಪ್‌ಟಾಪ್ ರಿಪೇರಿ ಅಂಗಡಿಯ ಹಯಾಶಿ ಸಾನ್ ಕೂಡ, ಅದೇ ಅವರ ಹೆಸರೆಂದು ತಿಳಿದು, "ಅಕ್ಕ ಸಾನ್", ಅಂದರೆ ಅಕ್ಕ ಅವರು, ಅನ್ನುತ್ತಿದ್ದರು. ಯಾರೂ ತಿದ್ದಲಿಲ್ಲ.

ನನ್ನ ಬಗ್ಗೆಯೂ ಒಂದೆರಡು ಮಾತು ಹೇಳಲೇಬೇಕು, ಯಾಕೆಂದರೆ ನಮ್ಮ ಸಂಬಂಧ ನಿಂತಿದ್ದೇ ಜಗಳದ ಮೇಲೆ. ನಾನು ಬೆಂಗಳೂರಿನ ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಪರ ಅಂದರೆ ಪರ, ವಿರೋಧ ಅಂದರೆ ವಿರೋಧ. ಗಂಟೆ ಬಾರಿಸುವುದರೊಳಗೆ ಎದುರಿನವರ ವಾದದ ಸಡಿಲ ಮೊಳೆ ಎಲ್ಲಿದೆ ಅಂತ ಹುಡುಕುವುದು ಅಭ್ಯಾಸ. ಕಂಪನಿ ಜಪಾನಿಗೆ ಕಳಿಸಿದ ಮೇಲೆ ಆ ಅಭ್ಯಾಸಕ್ಕೆ ಅನ್ನ ಸಿಗಲಿಲ್ಲ. ಇಲ್ಲಿನ ಮೀಟಿಂಗುಗಳಲ್ಲಿ ಯಾರೂ ಎದುರು ಮಾತಾಡುವುದಿಲ್ಲ. "ಸ್ವಲ್ಪ ಕಷ್ಟ ಆಗಬಹುದೇನೋ" ಅಂದರೆ ಸಾಧ್ಯವೇ ಇಲ್ಲ ಅಂತ ಅರ್ಥ. ನಾಲಿಗೆ ತುಕ್ಕು ಹಿಡಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಸಹೋದ್ಯೋಗಿಯೊಬ್ಬರು, ಭಾನುವಾರದ ಕನ್ನಡ ತರಗತಿಯಲ್ಲಿ ಮಕ್ಕಳಿಗೆ ಕಥೆ ಹೇಳೋರು ಬೇಕಂತೆ, ಬಾ, ಅಂತ ಎಳೆದುಕೊಂಡು ಹೋದರು.

ಕಥೆ ಹೇಳಲು ಹೋದವಳು ಹಿಂದಿನ ಸಾಲಿನಲ್ಲಿ ನಿಂತುಬಿಟ್ಟೆ. ಮೇಜಿನ ಮೇಲೆ ಹಳೇ ಲ್ಯಾಪ್‌ಟಾಪುಗಳ ಸಾಲು. ಪ್ರತಿಯೊಂದರ ಪಕ್ಕೆಯಲ್ಲೂ ಸಿಡಿ ಗಿರ್ರೆನ್ನುತ್ತಿತ್ತು. ತಮ್ಮತಮ್ಮಲ್ಲಿ ಜಪಾನಿಯಲ್ಲಿ ಕಿಚಾಯಿಸಿಕೊಳ್ಳುತ್ತಿದ್ದ ಮಕ್ಕಳು ಪರದೆಯ ಮೇಲೆ ಮಾತ್ರ ಕನ್ನಡದಲ್ಲಿ "ನನಗೆ ಉಪ್ಪಿಟ್ಟು ಇಷ್ಟ ಇಲ್ಲ" ಅಂತ ಬರೆಯುತ್ತಿದ್ದರು.

"ಸಿಡಿ? ಈ ಕಾಲದಲ್ಲಿ?" ಅಂದೆ. ಸ್ವಲ್ಪ ಜೋರಾಗಿಯೇ ಅಂದಿರಬೇಕು.

ದೊಗಳೆ ಜಾಕೆಟ್ಟು ತೊಟ್ಟ, ಕಿವಿಯ ಸಂದಿಯಲ್ಲಿ ಫೆಲ್ಟ್ ಪೆನ್ನು ಸಿಕ್ಕಿಸಿಕೊಂಡ ಹೆಂಗಸೊಬ್ಬರು ತಿರುಗಿದರು. "ಇವಕ್ಕೆ ಹಾರ್ಡ್ ಡಿಸ್ಕೇ ಇಲ್ಲ," ಅಂದರು. "ಇಲ್ಲಿನ ಕಂಪನಿಗಳು ಹಳೇ ಮೆಷೀನು ಬಿಸಾಕೋ ಮುಂಚೆ ಡಿಸ್ಕ್ ಕಿತ್ತು, ಡ್ರಿಲ್‌ನಿಂದ ತೂತು ಹೊಡೆಸ್ತಾವೆ. ಒಳಗಿದ್ದ ಗುಟ್ಟು ಯಾರಿಗೂ ಸಿಗಬಾರದಲ್ಲ. ಮಿಕ್ಕಿದ್ದೆಲ್ಲ ಗಟ್ಟಿಮುಟ್ಟು. ಹಯಾಶಿ ಸಾನ್ ಅಂಗಡೀಲಿ ರಾಶಿ ಬಿದ್ದಿದ್ವು. ಸಿಡಿ ಹಾಕಿದ್ರೆ ಏಳುತ್ತೆ, ತೆಗೆದ್ರೆ ಮಲಗುತ್ತೆ. ಲೈವ್ ಸಿಡಿ ಅಂತಾರೆ."

"ಬರೆದಿದ್ದು ಎಲ್ಲಿ ಹೋಗುತ್ತೆ?"

"ಅವರವರ ಪೆನ್ ಡ್ರೈವಿಗೆ. ಮೆಷೀನಲ್ಲಿ ಏನೂ ಉಳಿಯಲ್ಲ. ಇಲ್ಲಿನ ಬಾಡಿಗೆ ಮನೆ ಇದ್ದಂಗೆ. ಬರ್ತೀಯ, ಇರ್ತೀಯ, ಗೋಡೆಗೆ ಒಂದು ಮೊಳೆನೂ ಹೊಡೀದೆ ಹೋಗ್ತೀಯ."

"ಹಾಗಾದ್ರೆ ಆ ಪೆನ್ ಡ್ರೈವಿಂದಲೇ ಶುರು ಮಾಡಬಹುದಲ್ಲ? ಸಿಡಿ ಸತ್ತು ಎಷ್ಟು ಕಾಲ ಆಯ್ತು, ಮೇಡಂ!"

"ಅರ್ಧಕ್ಕರ್ಧ ಮೆಷೀನು ಪೆನ್ ಡ್ರೈವಿಂದ ಏಳಲ್ಲ, ಅಷ್ಟು ಮುದಿ. ಇನ್ನು ಸಿಡಿ ಸತ್ತಿರೋ ವಿಷಯ, ಜಪಾನಲ್ಲಿ ನಿಂತ್ಕೊಂಡು ಹೇಳ್ತಿದೀಯ. ನಿಮ್ಮ ಆಫೀಸಲ್ಲಿ ಫ್ಯಾಕ್ಸ್ ಇದ್ಯೋ ಇಲ್ವೋ?"

ಇತ್ತು. ದಿನವೂ ಬಳಸುತ್ತಿದ್ದೆವು.

"ಮೇಡಂ ಅನ್ನಬೇಡ," ಅಂತ ಸೇರಿಸಿದರು. "ನಾನೇನು ನಿನಗೆ ಮಾರ್ಕ್ಸ್ ಹಾಕಲ್ಲ. ಚೆನ್ನಾಗಿ ಜಗಳ ಆಡ್ತೀಯ. ಮುಂದಿನ ವಾರಾನೂ ಬಾ, ಲಾಯರಮ್ಮ."

ಅವತ್ತಿನಿಂದ ನಾನು ಲಾಯರಮ್ಮ ಆದೆ. ವಾರ ತಪ್ಪದೆ ಹೋದೆ. ಅವರ ಕೆಲಸ ಮೆಚ್ಚಿ ಅಲ್ಲ. ಅವರು ಎದುರು ಮಾತಾಡುತ್ತಿದ್ದರು, ಅದಕ್ಕೆ.

ನಮ್ಮ ವಾದಗಳಿಗೆ ಒಂದು ವಿಚಿತ್ರ ಕಟ್ಟಲೆಯಿತ್ತು. ಭವನದಿಂದ ಸ್ಟೇಷನ್ನಿನವರೆಗೆ ಕಿತ್ತಾಡುತ್ತಾ ನಡೆಯುತ್ತಿದ್ದೆವು. ನಾಂಬು ಲೈನ್ ರೈಲು ಬಂದ ಕೂಡಲೇ ಇಬ್ಬರೂ ಬಾಯಿ ಮುಚ್ಚಿಕೊಳ್ಳಬೇಕು; ಇಲ್ಲಿನ ಬೋಗಿಯಲ್ಲಿ ದನಿ ಎತ್ತುವುದು ಚಪ್ಪಲಿ ಹಾಕಿಕೊಂಡು ಅಡುಗೆಮನೆಗೆ ನುಗ್ಗಿದಷ್ಟೇ ಅಸಭ್ಯ. ಪಕ್ಕಪಕ್ಕ ನಿಂತು, ಹಿಡಿಕೆಗೆ ಜೋತುಬಿದ್ದು, ಕಿಟಕಿಯ ಆಚೆ ನೋಡುತ್ತಿದ್ದೆವು. ಇಳಿದು ಪ್ಲಾಟ್‌ಫಾರಂ ಮೇಲೆ ಕಾಲಿಟ್ಟರೋ ಇಲ್ಲವೋ, ನಿಂತ ವಾಕ್ಯದ ಮಧ್ಯದಿಂದಲೇ ಅಕ್ಕ ಹಿಡಿಯುತ್ತಿದ್ದರು: "...ಅಂತ ಹೇಳ್ತೀಯ, ಆದ್ರೆ ನಿನ್ನ ಎರಡನೇ ಪಾಯಿಂಟೇ ಮೊದಲನೇದನ್ನ ಕಡಿಯುತ್ತೆ." ನಾನು ರೈಲಿನಲ್ಲಿ ಬೇರೆ ಏನೇನೋ ಯೋಚಿಸಿ ಎಳೆ ಕಳೆದುಕೊಂಡಿರುತ್ತಿದ್ದೆ. ಅವರು ಕಳೆದುಕೊಳ್ಳುತ್ತಿರಲಿಲ್ಲ.

ಆ ಸಿಡಿಯ ಕಥೆ ಅವರು ಹೇಳಿದ್ದು ಹೀಗೇ ತುಂಡು ತುಂಡಾಗಿ, ಸ್ಟೇಷನ್ನಿನ ಆಚೆ ಈಚೆ. ಮದುವೆಗೆ ಮುಂಚೆ ಅವರು ಮೈಸೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದರು. ಆಗ ಊರೂರಿನ ಉತ್ಸಾಹಿಗಳ ಗುಂಪೊಂದು ಸಂಬಳವಿಲ್ಲದೆ, ಬಿಡುವಿನಲ್ಲಿ, ಕನ್ನಡದ ಲಿನಕ್ಸ್ ಲೈವ್ ಸಿಡಿ ಕಟ್ಟುತ್ತಿತ್ತು. ಲಿನಕ್ಸ್ ಅಂದರೆ ಯಾರು ಬೇಕಾದರೂ ಬಿಚ್ಚಿ ನೋಡಿ, ತಿದ್ದಿ, ಹಂಚಬಹುದಾದ ವ್ಯವಸ್ಥೆ. ಒಬ್ಬರು ಅಕ್ಷರ ಮಾಡಿದರು, ಒಬ್ಬರು ಕೀಲಿಮಣೆ, ಇನ್ನೊಬ್ಬರು ಮೆನುಗಳನ್ನೆಲ್ಲ ಕನ್ನಡಕ್ಕೆ ತಂದರು. ಆದರೆ ಎಲ್ಲವನ್ನೂ ಕಲೆಹಾಕಿ ಕೊನೆಗೆ ಒಂದು ಡಿಸ್ಕ್ ಮಾಡುವ ಕೆಲಸ ಮಾತ್ರ ಒಬ್ಬರ ಮನೆಯ ಒಂದೇ ಕಂಪ್ಯೂಟರಿನಲ್ಲಿ ಆಗುತ್ತಿತ್ತು. ಅದು ಕೆಟ್ಟಿತು. ಮುಂದಿನ ಆವೃತ್ತಿ ಯಾವಾಗ ಅಂತ ಅಕ್ಕ ಮೇಲ್ ಬರೆದು ಕೇಳಿದರು. ಆ ಪುಣ್ಯಾತ್ಮರು ತುಂಬ ಸೌಜನ್ಯದಿಂದ ಉತ್ತರಿಸಿದರಂತೆ: ಹೇಗೆ ಮಾಡುತ್ತಿದ್ದೆ ಅಂತ ನನಗೂ ಈಗ ನೆನಪಿಲ್ಲ.

"ಯಾರೋ ಹಗೆ ಸಾಧಿಸಿ ಮುಗಿಸಿದ್ರೆ ಜಗಳನಾದ್ರೂ ಆಡಬಹುದಿತ್ತು," ಅನ್ನುತ್ತಿದ್ದರು ಅಕ್ಕ. "ಅದು ಮರೆವಿಗೆ ಸತ್ತಿತು. ಮರೆವಿನ ಜೊತೆ ಹೇಗೆ ಜಗಳ ಆಡ್ತೀಯ?"

ಆಮೇಲೆ ಮದುವೆ, ಗಂಡನ ಕೆಲಸ, ಜಪಾನು, ಮಗಳು. ಮನೆ ಬದಲಿಸುವಾಗ ಮದುವೆಯ ವಿಡಿಯೋ ಸಿಡಿಗಳ ಕಟ್ಟಿನ ನಡುವೆ ಆ ಹಳೆಯ ಡಿಸ್ಕ್ ಸಿಕ್ಕಿತು. ಹಯಾಶಿ ಸಾನರ ಅಂಗಡಿಗೆ ಒಯ್ದು, ಹಾರ್ಡ್ ಡಿಸ್ಕ್ ಇಲ್ಲದ ಲ್ಯಾಪ್‌ಟಾಪೊಂದಕ್ಕೆ ಹಾಕಿದರು. ಎದ್ದಿತು. ಒತ್ತಕ್ಷರಗಳು ಅಲ್ಲಲ್ಲಿ ಕಾಲು ಮುರಿದುಕೊಂಡಿದ್ದವು, ಆದರೂ ಎದ್ದು ಕನ್ನಡದಲ್ಲಿ ಸ್ವಾಗತ ಹೇಳಿತು. ಹಯಾಶಿ ಸಾನ್ ಚಪ್ಪಾಳೆ ತಟ್ಟಿದರಂತೆ. ಅಕ್ಕ ತಟ್ಟಲಿಲ್ಲ, ಆ ಡಿಸ್ಕನ್ನು ಬಿಚ್ಚಿ ಒಳಗೆ ಏನೇನಿದೆ, ಯಾವುದರ ಮೇಲೆ ಯಾವುದು ಕೂತಿದೆ ಅಂತ ಗುರುತಿಸತೊಡಗಿದರು. ಸಾರು ಕುಡಿದು ಪುಡಿಯ ಅಳತೆ ಬರೆಯುವಂಥ ಕೆಲಸ. ಚಳಿಗಾಲ ಕಳೆದು ಬೇಸಿಗೆ ಬರುವುದರೊಳಗೆ, ಹೊಸ ಲಿನಕ್ಸ್ ಮೇಲೆ ಅದೇ ಸಿಡಿ ಮತ್ತೆ ಹುಟ್ಟಿತು.

ಇಲ್ಲಿಗೆ ನಿಲ್ಲಿಸಿದ್ದರೆ ಅದೊಂದು ಸಾಧನೆ ಅಂತ ನಾನೂ ಒಪ್ಪಿಕೊಂಡು ಸುಮ್ಮನಿರುತ್ತಿದ್ದೆ. ಅವರು ಅದನ್ನು ಅಷ್ಟೇನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. "ಎಬ್ಬಿಸೋದು ದೊಡ್ಡದಲ್ಲ. ನಾನಿಲ್ಲದೇ ಹೋದ್ರೆ ಮತ್ತೆ ಬೀಳುತ್ತಲ್ಲ, ಅದು ಪ್ರಶ್ನೆ. ನಾನು ಹೋದ್ಮೇಲೂ ನಡೆದ್ರೆ ಅದು ಕೆಲಸ. ಇಲ್ದಿದ್ರೆ ನನ್ನ ಚಟ." ಚಟವಾದರೆ ಏನು ತಪ್ಪು, ಜಗತ್ತಿನ ಅರ್ಧ ಒಳ್ಳೇ ಕೆಲಸ ಯಾರದೋ ಚಟದಿಂದಲೇ ಆಗಿದೆ ಅಂತ ನಾನು ವಾದಿಸಿದೆ. ಈಗಲೂ ಹಾಗೇ ಅನ್ನುತ್ತೇನೆ. ಅವರು ಕೇಳಲಿಲ್ಲ.

ಅದಕ್ಕಾಗಿ ಅವರು ಎರಡು ಕಾನೂನು ಮಾಡಿದ್ದರು. ಮೊದಲನೆಯದು: ಎಲ್ಲವೂ ಒಂದೇ ಸಿಡಿಯಲ್ಲಿ ಹಿಡಿಯಬೇಕು. ಒಳಗೆ ಏನಾದರೂ ತರಬೇಕೆಂದರೆ ಹೊರಗೆ ಏನು ಹಾಕುತ್ತೀ ಅಂತ ತಂದವರೇ ಹೇಳಬೇಕು, ಹೇಳಿ ಗೆಲ್ಲಬೇಕು. ಮನೆಗೆ ಹೊಸ ಸೀರೆ ತಂದರೆ ಹಳೆಯದೊಂದನ್ನು ಕೊಡುವಂಥದ್ದು. ಇಲ್ಲಿನ ಮನೆಗಳ ಬೀರು ನೋಡಿದವರಿಗೆ ಇದು ಕಾನೂನು ಅನ್ನಿಸುವುದೇ ಇಲ್ಲ.

ನಾನು ಒಂದು ಕನ್ನಡ ನಿಘಂಟು ಸೇರಿಸಬೇಕು ಅಂತ ಹಟ ಹಿಡಿದೆ. ಇಂಟರ್ನೆಟ್ ಇಲ್ಲದೆಯೂ ಪದ ಹುಡುಕುವಂಥದ್ದು.

"ಸರಿ. ಏನು ತೆಗೀತೀಯ?" ಅಂದರು ಅಕ್ಕ.

"ಗಡಿಯಾರ."

ಪರದೆಯ ಮೂಲೆಯಲ್ಲಿ ಕನ್ನಡ ಅಂಕಿಗಳ ದುಂಡನೆಯ ಗಡಿಯಾರವೊಂದಿತ್ತು. ಅದನ್ನು ಅಕ್ಕನೇ ಬರೆದದ್ದು, ಮಗಳಿಗೆ ಅಂಕಿ ಕಲಿಸಲು. ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

"ವಾದ ಮಾಡು," ಅಂದರು.

ಮಾಡಿದೆ. ಆ ಒಂದು ಗಡಿಯಾರ ಓಡುವುದಕ್ಕೆ ಒಳಗೆ ಒಂದು ದೊಡ್ಡ ಸಾಮಾನಿನ ಗಂಟೇ ಬೇಕು, ಆ ಗಂಟನ್ನು ಬೇರೆ ಯಾವುದೂ ಬಳಸುವುದಿಲ್ಲ. ಗಡಿಯಾರ ಎಲ್ಲರ ಕೈಯಲ್ಲೂ ಇದೆ, ನಿಘಂಟು ಯಾರ ಕೈಯಲ್ಲೂ ಇಲ್ಲ. ನಾವು ಉಳಿಸಿಕೊಂಡಿರುವುದು ಸಾಫ್ಟ್‌ವೇರನ್ನಲ್ಲ, ಸೆಂಟಿಮೆಂಟನ್ನು. ಶ್ರುತಿ ನನ್ನನ್ನು ಸುಡುವ ಹಾಗೆ ನೋಡಿದಳು. ತುಮಕೂರಿನವಳು, ಬಿ.ಕಾಂ. ಓದಿದವಳು, ತರಗತಿಗೆ ಬರುವ ಅವಳಿ ಮಕ್ಕಳ ತಾಯಿ; ಅಕ್ಕನ ವಿರುದ್ಧ ಯಾರಾದರೂ ಮಾತಾಡಿದರೆ ಅವಳು ಸಹಿಸುತ್ತಿರಲಿಲ್ಲ. ಆದರೂ ಕೈ ಎತ್ತುವಾಗ ನಿಘಂಟಿಗೇ ಎತ್ತಿದಳು. ಹಯಾಶಿ ಸಾನ್ ಕೂಡ.

"ಸೋತೆ," ಅಂದರು ಅಕ್ಕ. "ಮುಂದೆ?"

ಅಷ್ಟೇ. ಅಲ್ಲೇ, ಆಗಲೇ, ಗಡಿಯಾರವನ್ನು ಅಳಿಸಿದರು. ಮುಖದಲ್ಲಿ ಹುಳಿಯಿಲ್ಲ, ಮಾತಿನಲ್ಲಿ ತ್ಯಾಗದ ಬೆಣ್ಣೆಯೂ ಇಲ್ಲ. ನಾನು ಎಷ್ಟೋ ಷೀಲ್ಡ್ ಗೆದ್ದಿದ್ದೇನೆ. ಸೋತವರು ಹೀಗೆ ತಮ್ಮ ಕೈಯಾರೆ ತೀರ್ಪು ಜಾರಿ ಮಾಡಿದ್ದು ಅಲ್ಲಿಯವರೆಗೆ ನೋಡಿರಲಿಲ್ಲ. ನನ್ನ ವಾದ ಸರಿಯಾಗಿತ್ತು, ಈಗಲೂ ಸರಿಯೇ. ಕೆಲವೊಮ್ಮೆ ಪರದೆಯ ಆ ಮೂಲೆ ನೋಡುತ್ತೇನೆ, ಅದು ಬೇರೆ ವಿಷಯ.

ಎರಡನೆಯ ಕಾನೂನು ಇನ್ನೂ ಕಠಿಣ. ಪ್ರತಿ ಆವೃತ್ತಿಯ ಡಿಸ್ಕನ್ನು ಬೇರೆ ಬೇರೆಯವರು ಕಟ್ಟಬೇಕು. ಅಕ್ಕ ಎಲ್ಲ ಹಂತಗಳನ್ನೂ ಬರೆದಿಟ್ಟಿದ್ದರು. ಕಟ್ಟುವವರು ಅದನ್ನು ಓದಿಕೊಂಡು ಮಾಡಬೇಕು, ಯಾರನ್ನೂ ಕೇಳಬಾರದು. ಸಿಕ್ಕಿಹಾಕಿಕೊಂಡರೆ ಅದು ಕಟ್ಟುವವರ ತಪ್ಪಲ್ಲ, ಬರೆದದ್ದರ ತಪ್ಪು. ಆಗ ಅಕ್ಕ ಕೇಳುತ್ತಿದ್ದ ಪ್ರಶ್ನೆ ಒಂದೇ: "ಎಲ್ಲಿ ಬರೆದಿಲ್ಲ?"

ಶ್ರುತಿಯ ಸರದಿ ಬಂದ ದಿನ ನೆನಪಿದೆ. ಅವಳಿಗೆ ಅಡುಗೆಯ ರೆಸಿಪಿ ಬಿಟ್ಟರೆ ಇಂಥದ್ದೇನೂ ಓದಿ ಅಭ್ಯಾಸವಿಲ್ಲ. ಒಂದೊಂದೇ ಸಾಲು ಓದಿ, ಒಂದೊಂದೇ ಅಕ್ಷರ ಒತ್ತಿ, ಸುಮಾರು ದೂರ ಬಂದಳು. ಆಮೇಲೆ ನಿಂತಳು. ಕೀಲಿಮಣೆಯನ್ನೇ ನೋಡುತ್ತಾ ಕೂತಳು. ಒಂದು ಸಲ ಅದನ್ನೆತ್ತಿ ಕೆಳಗೂ ನೋಡಿದಳು.

ಅಕ್ಕ ಕೈಗಳ ಮೇಲೆ ಕೂತಿದ್ದರು. ಕುರ್ಚಿ ಕಿರುಗುಟ್ಟಿತು. ಬಲಗೈ ಮೆಲ್ಲಗೆ ಹೊರಗೆ ಬಂತು.

"ಓಕಾಸಾನ್, ತೆ!" ಅಂತ ಮೂಲೆಯಿಂದ ಮಗಳ ದನಿ. ಅಮ್ಮಾ, ಕೈ! ಬಣ್ಣ ಹಚ್ಚುತ್ತಿದ್ದವಳು ತಲೆ ಎತ್ತದೆಯೇ ಹೇಳಿದಳು. ಇದು ಅವಳ ವಾರದ ಡ್ಯೂಟಿ.

ಅಕ್ಕನ ಕೈ ವಾಪಸ್ಸು ಹೋಯಿತು. ನನಗೆ ಆ ಕಟ್ಟುಪಾಡಿಲ್ಲವಲ್ಲ, ನಾನು ಬಗ್ಗಿ ತೋರಿಸಲು ಹೋದೆ.

"ಲಾಯರಮ್ಮ, ನಿಂದೂ!" ಅಂದರು.

"ಅಕ್ಕಾ, ಇದು ಕ್ರೌರ್ಯ. ಒಂದು ಕೀ ತೋರಿಸಿದ್ರೆ ಮುಗೀತು."

"ಇವತ್ತಿಗೆ ಮುಗೀತು. ನಾಳೆ?"

ಕೊನೆಗೆ ಶ್ರುತಿ ರೇಗಿದಳು. "ಅಕ್ಕಾ, ನೀವು ಇಲ್ಲಿ ಒಂದು ಓರೆಗೆರೆ ಹಾಕು ಅಂತ ಬರೆದಿದೀರ. ಈ ಕಡೆ ವಾಲಿದ್ದು. ಈ ದರಿದ್ರ ಕೀಬೋರ್ಡಲ್ಲಿ ಅಂಥ ಗೆರೆನೇ ಇಲ್ಲ. ಇರೋದೆಲ್ಲ ಆ ಕಡೆ ವಾಲಿದ್ದು!"

ಅಕ್ಕ ಎದ್ದು ಬಂದು ನೋಡಿದರು. ಅವರು ಆ ಹಂತಗಳನ್ನು ಬರೆದದ್ದು ಮೈಸೂರಿನಿಂದ ತಂದ ತಮ್ಮ ಸ್ವಂತ ಲ್ಯಾಪ್‌ಟಾಪಿನಲ್ಲಿ. ಹಯಾಶಿ ಸಾನ್ ಕೊಟ್ಟ ಜಪಾನಿ ಯಂತ್ರಗಳಲ್ಲಿ ಆ ಗೆರೆಯ ಜಾಗದಲ್ಲಿ ಯೆನ್ ನಾಣ್ಯದ ಗುರುತು ಅಚ್ಚಾಗಿರುತ್ತದೆ. ಯೆನ್ ಒತ್ತಿದರೆ ಗೆರೆ ಬರುತ್ತದೆ. ಇಷ್ಟು ವರ್ಷ ಇಲ್ಲಿದ್ದೂ ಅಕ್ಕನಿಗೆ ಅದು ಹೊಳೆದಿರಲಿಲ್ಲ. ಹಯಾಶಿ ಸಾನರಿಗೆ ಅದು ಹೇಳಬೇಕಾದ ವಿಷಯ ಅಂತಲೇ ಅನ್ನಿಸಿರಲಿಲ್ಲ.

ನಾನು ಗೆದ್ದವಳ ಹಾಗೆ ನಕ್ಕೆ. ಅಕ್ಕ ನನಗಿಂತ ಜೋರಾಗಿ ನಕ್ಕರು. ಕಿವಿಯ ಹಿಂದಿನ ಪೆನ್ನು ಕೆಳಗೆ ಬಿತ್ತು. "ನೋಡಿದ್ಯಾ, ನೀನು ತೋರಿಸಿಬಿಟ್ಟಿದ್ರೆ ಇದು ಬೆಳಕಿಗೇ ಬರ್ತಿರಲಿಲ್ಲ," ಅಂತ, ಆ ಸಾಲಿನ ಕೆಳಗೆ ಯೆನ್ ವಿಷಯ ಸೇರಿಸಿದರು. ಸಾಯಂಕಾಲದ ಹೊತ್ತಿಗೆ ಶ್ರುತಿಯ ಡಿಸ್ಕ್ ಎದ್ದಿತು. ಅಕ್ಕನ ಥರ್ಮಾಸಿನ ಫಿಲ್ಟರ್ ಕಾಫಿ ಹೊರಗೆ ಬಂದದ್ದು ಆಗಲೇ. ಡಿಸ್ಕ್ ಏಳುವ ಮುಂಚೆ ಅದರ ಮುಚ್ಚಳ ತೆಗೆದದ್ದು ನಾನು ಕಂಡಿಲ್ಲ. ಮೊದಲ ಲೋಟ ಕಟ್ಟಿದವರಿಗೆ.

ಕಂಪ್ಯೂಟರ್ ಆಫ್ ಮಾಡಿದಾಗ ಕೊನೆಯಲ್ಲಿ ಒಂದು ತೆರೆ ಬರುತ್ತದೆ: ಈ ಆವೃತ್ತಿಗೆ ಕೆಲಸ ಮಾಡಿದವರ ಹೆಸರುಗಳು. ಆ ಆವೃತ್ತಿಗೆ ಮಾತ್ರ. ಹಿಂದೆ ಎಷ್ಟೇ ದುಡಿದಿರಲಿ, ಈ ಸಲ ಏನೂ ಮಾಡದಿದ್ದರೆ ಹೆಸರಿಲ್ಲ. ಅದೂ ಅಕ್ಕನದೇ ಏರ್ಪಾಡು. "ಸುಮ್ನೆ ಹೆಸರು ಇಟ್ಕೊಂಡಿದ್ರೆ, ಕೆಲಸ ಮಾಡೋ ಜನ ಇದಾರೆ ಅಂತ ನಮಗೆ ನಾವೇ ಸುಳ್ಳು ಹೇಳ್ಕೊಂಡಂಗೆ." ಶ್ರುತಿಯ ಅವಳಿಗಳು ಆ ತೆರೆಯಲ್ಲಿ ಅಮ್ಮನ ಹೆಸರು ನೋಡಲು ಲ್ಯಾಪ್‌ಟಾಪನ್ನು ಮತ್ತೆ ಮತ್ತೆ ಆಫ್ ಮಾಡಿದರು.

ಗಂಡನ ಪೋಸ್ಟಿಂಗ್ ಮುಗಿದ ಸುದ್ದಿಯನ್ನು ಅಕ್ಕ ಹೇಳಿದ್ದು ಕೂಡ ಒಂದು ಕೆಲಸದ ಹಾಗೆ. ಮಾರ್ಚಿನ ಕೊನೆಗೆ ಮೈಸೂರಿಗೆ ಹೊರಡಬೇಕು, ಅಷ್ಟರೊಳಗೆ ಸಿಡಿಯ ಕಡತಗಳಿರುವ ಸರ್ವರಿನಿಂದ ತಮ್ಮ ಪ್ರವೇಶ ತೆಗೆಯಬೇಕು, ಅಂದರು. ಅವರೇ ಕಟ್ಟಿದ ಮನೆಯ ಬೀಗದಿಂದ ಅವರದೇ ಕೀಲಿ ತೆಗೆಯುವುದು.

ಹಯಾಶಿ ಸಾನ್ ಗಾಬರಿಯಾದರು. ನಾನು ಎದ್ದು ನಿಂತೆ.

"ಇದು ಮೂರ್ಖತನ ಅಕ್ಕ. ತುರ್ತಿಗೆ ಅಂತ ಇರಲಿ. ಮನೆ ಕೀ ಒಂದನ್ನ ಪಕ್ಕದ ಮನೇಲಿ ಇಟ್ಟಿರಲ್ವಾ?"

"ನಾನು ಪಕ್ಕದ ಮನೇಲಿ ಇರಲ್ಲ ಕಣೇ."

"ಫೋನ್ ಇದೆ, ಮೆಸೇಜ್ ಇದೆ. ದೂರ ಅನ್ನೋದು ಒಂದು ವಾದಾನಾ?"

"ದೂರ ಅಲ್ಲ, ಹತ್ತಿರಾನೇ ತೊಂದರೆ. ನಾನು ಕೈಗೆ ಸಿಗ್ತೀನಿ ಅಂತಿದ್ರೆ ನನ್ನನ್ನ ಕೇಳ್ತೀರ. ನಾನು ಹೇಳಿಬಿಡ್ತೀನಿ, ನನ್ನ ಬಾಯಿನೂ ಕೈ ಥರಾನೇ. ಹೇಳಿದ್ದನ್ನ ಯಾರೂ ಬರೆಯಲ್ಲ. ಆಮೇಲೆ ಒಂದಿನ ನನಗೇ ಮರೆತು ಹೋಗುತ್ತೆ." ಮತ್ತೆ ಅಂದರು, "'ನನಗೂ ಈಗ ನೆನಪಿಲ್ಲ' ಅನ್ನೋ ಆ ಮೇಲ್ ನಾನು ಯಾರಿಗೂ ಬರೆಯೋ ಹಾಗಾಗಬಾರದು."

ಅವರ ಪ್ರವೇಶವನ್ನು ಅವರ ಎದುರಿಗೇ ಶ್ರುತಿ ತೆಗೆದಳು. ಅವಳ ಕಣ್ಣು ತುಂಬಿತ್ತು. ಅಕ್ಕ ಮಾತ್ರ ಅವಳು ಸರಿಯಾದ ಸಾಲನ್ನೇ ಅಳಿಸುತ್ತಿದ್ದಾಳಾ ಅಂತ ಪರದೆಯನ್ನು ನೋಡುತ್ತಿದ್ದರು.

ಅವರು ಹೋದ ಮೇಲಿನ ಮೊದಲ ಆವೃತ್ತಿ ನನ್ನ ಸರದಿ. ಅಲ್ಲಿಯವರೆಗೆ ನಾನು ಮಾತಿನಲ್ಲೇ ಕಾಲ ಕಳೆದಿದ್ದೆ. ಬರೆದದ್ದನ್ನೆಲ್ಲ ಓದಿಕೊಂಡು ಕಟ್ಟಿದೆ. ಡಿಸ್ಕ್ ಎದ್ದಿತು. ಜಪಾನಿ ಬಂತು, ಇಂಗ್ಲಿಷ್ ಬಂತು. ಕನ್ನಡ ಒತ್ತಿದರೆ ಏನೂ ಬರಲಿಲ್ಲ. ಒಂದು ಅಕ್ಷರವೂ ಇಲ್ಲ. ಕನ್ನಡದ ಸಿಡಿಯಲ್ಲಿ ಕನ್ನಡವೊಂದೇ ಇಲ್ಲ.

ಒಂದು ಹಂತದಲ್ಲಿ, ಇಂಥ ತಾಣದಿಂದ ಇಂಥ ಕಡತ ಇಳಿಸಿಕೊ ಅಂತ ಇತ್ತು. ಆ ತಾಣವೇ ಮುಚ್ಚಿಹೋಗಿತ್ತು. ತರಗತಿಯ ಮಕ್ಕಳು ಹಳೆಯ ಡಿಸ್ಕಿನಲ್ಲೇ ಇರಬಹುದಿತ್ತು, ಹೌದು. ಆದರೆ ಮೈಸೂರಿನ ಕಾಲದ ಆ ಮೊದಲ ಡಿಸ್ಕ್ ಸತ್ತದ್ದೂ ಹೀಗೇ ಅಲ್ಲವೇ, ಮುಂದಿನದು ಕಟ್ಟಲಾಗದೆ? ನಾನು ಹಿಂದೆ ಮುಂದೆ ನೋಡದೆ ಅಕ್ಕನಿಗೆ ಉದ್ದನೆಯ ಮೆಸೇಜು ಕಳಿಸಿದೆ.

ಉತ್ತರ ಬಂತು: "ಎಲ್ಲಿ ಬರೆದಿಲ್ಲ?"

ಅಷ್ಟೇ. ಹೇಗಿದ್ದೀಯಾ ಇಲ್ಲ, ಏನೂ ಇಲ್ಲ. ನನಗೆ ಬಂದ ಸಿಟ್ಟು ಇಲ್ಲಿ ಬರೆಯುವಂಥದ್ದಲ್ಲ. "ಎಲ್ಲಾ ಬರೆದಿದೆ, ಬರೆದಿದ್ದೇ ಸುಳ್ಳಾಗಿದೆ!" ಅಂತ ಶ್ರುತಿಯ ಮುಂದೆ ಕೂಗಾಡಿದೆ. ಕೂಗಾಡುತ್ತಲೇ ಆ ಸಾಲನ್ನು ಮತ್ತೆ ಓದಿದಾಗ ತಿಳಿಯಿತು. ಏನು ಇಳಿಸಿಕೊಳ್ಳಬೇಕು ಅಂತ ಇತ್ತು. ಯಾಕೆ ಅಂತ ಇರಲಿಲ್ಲ. ಆ ಕಡತ ಏನು ಮಾಡುತ್ತದೆ, ಅದಿಲ್ಲದಿದ್ದರೆ ಏನು ನಿಲ್ಲುತ್ತದೆ, ಒಂದು ಮಾತೂ ಇಲ್ಲ. ಚರ್ಚೆಯಲ್ಲಿ ಕಾರಣ ಕೊಡದೆ ತೀರ್ಮಾನ ಹೇಳಿದರೆ ನಾವು ಬಿಡುತ್ತೇವಾ? ಅಕ್ಕನ ಬರಹವೆಲ್ಲ ಬರೀ ತೀರ್ಮಾನಗಳೇ. ಸಡಿಲ ಮೊಳೆ ಸಿಕ್ಕಿತು.

ಕೂತೆವು, ಶ್ರುತಿ, ಹಯಾಶಿ ಸಾನ್, ನಾನು, ಮೂವರೂ. ಆ ಕಡತ ಕನ್ನಡ ಕೀಲಿಮಣೆಯದು ಅಂತ ಹೆಸರಿನ ತುಣುಕುಗಳಿಂದ ಊಹಿಸಿದೆವು. ಬೇರೆಲ್ಲೂ ಸಿಗಲಿಲ್ಲ. ಆಗ ಹಯಾಶಿ ಸಾನ್ ಹಿಂದಿನ ಆವೃತ್ತಿಯ ಸಿಡಿಯನ್ನು ಬೆಳಕಿಗೆ ಹಿಡಿದು, "ಇದರ ಒಳಗೇ ಇರಬೇಕಲ್ಲ?" ಅಂದರು. ಇತ್ತು. ಅಕ್ಕ ಮೊದಲು ಮಾಡಿದ್ದೂ ಅದನ್ನೇ: ಹಳೆಯದನ್ನು ಬಿಚ್ಚಿ ಹೊಸದಕ್ಕೆ ದಾರಿ ಹುಡುಕಿದ್ದು. ಕಡತವನ್ನು ಹೊರತೆಗೆದು ನಮ್ಮದೇ ಸರ್ವರಿನಲ್ಲಿ ಇಟ್ಟೆವು. ಡಿಸ್ಕ್ ಎದ್ದಿತು, ಕನ್ನಡ ಬಂತು. ಅಷ್ಟಕ್ಕೆ ಬಿಡಲು ನನಗೆ ಮನಸ್ಸಾಗಲಿಲ್ಲ. ಮುಂದಿನ ಭಾನುವಾರಗಳಲ್ಲಿ ಪ್ರತಿ ಹಂತದ ಕೆಳಗೂ ಒಂದು "ಯಾಕೆ" ಬರೆದೆವು. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅಂತಲೇ ಬರೆದೆವು. ಆಮೇಲೆ ಹಯಾಶಿ ಸಾನರನ್ನು ಕೂರಿಸಿ, ಆ ಹಂತಗಳ ಇಂಗ್ಲಿಷ್ ಪ್ರತಿ ಕೈಗೆ ಕೊಟ್ಟು, ಮೊದಲಿನಿಂದ ಕಟ್ಟಿಸಿದೆವು. ಅವರ ಬೆರಳು ಒಂದೊಂದು ಕೀಲಿಗೂ ನಮಸ್ಕಾರ ಮಾಡಿ ಇಳಿಯುವಷ್ಟು ನಿಧಾನ. ನನ್ನ ತೋಳು ತಾನಾಗೇ ಎದ್ದಿತು.

"ಲಾಯರಮ್ಮ ಸಾನ್," ಅಂದರು ಅವರು ತಿರುಗಿ ನೋಡದೆ, "ತೆ."

ಕೈಗಳ ಮೇಲೆ ಕೂತೆ. ತುಂಬ ನೋಯುತ್ತದೆ ಅಂತ ಅಕ್ಕ ಎಂದೂ ಹೇಳಿರಲಿಲ್ಲ.

ಬಿಡುಗಡೆಗೆ ಮುಂಚೆ ಒಂದು ಕೊನೆಯ ಜಗಳ ಉಳಿದಿತ್ತು. ಹೆಸರಿನ ತೆರೆಯಲ್ಲಿ ಅಕ್ಕನ ಹೆಸರು ಇರಬೇಕು ಅಂದೆ. ವಿಧಿ ವಿಧಾನ ಎಲ್ಲ ಇರಲಿ, ಕೃತಜ್ಞತೆ ಅನ್ನುವುದೊಂದಿದೆ. ಅವರಿಲ್ಲದಿದ್ದರೆ ಇದು ಇರುತ್ತಿರಲಿಲ್ಲ. ಇದು ಪಂಕ್ತಿಯಲ್ಲಿ ಎಲೆ ಹಾಕುವ ಪ್ರಶ್ನೆಯಲ್ಲ, ಸತ್ಯದ ಪ್ರಶ್ನೆ. ಚೆನ್ನಾಗಿಯೇ ಮಾತಾಡಿದೆ. ಅಂತಿಮ ಸುತ್ತಿನಲ್ಲಿ ಮಾತಾಡುವ ಹಾಗೆ.

ಶ್ರುತಿ ಪೂರ್ತಿ ಕೇಳಿಸಿಕೊಂಡಳು. "ಈ ಸಲ ಅಕ್ಕ ಏನು ಮಾಡಿದ್ರು?" ಅಂದಳು.

"ಒಂದು ಮೆಸೇಜ್—"

"ಎರಡು ಪದ. ಅದೂ ಪ್ರಶ್ನೆ. ಉತ್ತರ ಹುಡುಕಿದ್ದು ನಾವು. ನೀನೇ ಹೇಳು, ಅವರ ಹೆಸರು ಹಾಕಿದ್ರೆ, ಅವರಿಲ್ದೆ ನಡೀತು ಅಂತ ಯಾರಿಗೆ ಗೊತ್ತಾಗುತ್ತೆ? ಅವರಿಗೆ ಬೇಕಾಗಿದ್ದೇ ಅದು ತಾನೇ?"

ಅವಳು ಯಾವ ವೇದಿಕೆಯನ್ನೂ ಹತ್ತಿದವಳಲ್ಲ.

"ಸೋತೆ," ಅಂದೆ. "ಮುಂದೆ?"

ಹೆಸರಿಲ್ಲದೆ ಬಿಡುಗಡೆಯಾಯಿತು. ಅಕ್ಕನಿಗೆ ಹೇಳಲಿಲ್ಲ, ಡಿಸ್ಕ್ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಕಾಣುವ ಜಾಗದಲ್ಲೇ ಇತ್ತು. ಥರ್ಮಾಸು ಈಗ ಶ್ರುತಿಯದು. ಮೊದಲ ಲೋಟ ಹಯಾಶಿ ಸಾನರಿಗೆ ಹೋಯಿತು. ಅವರು ಎರಡೂ ಕೈಯಲ್ಲಿ ಹಿಡಿದು ಕುಡಿದು, ತುಂಬ ಕಹಿ ಅಂತ ಮುಖ ಮಾಡಿ, ರುಚಿಯಾಗಿದೆ ಅಂದರು.

ಮುಂದಿನ ವಾರ ತಪ್ಪುಗಳನ್ನು ವರದಿ ಮಾಡುವ ಪುಟದಲ್ಲಿ ಹೊಸ ವರದಿಯೊಂದು ಬಂದಿತ್ತು. ಮೈಸೂರಿನಿಂದ. ಅಭಿನಂದನೆ ಇಲ್ಲ, ನೆನಪು ಗಿನಪು ಇಲ್ಲ. ನಾವೆಲ್ಲ ಪಾಲಿಸಬೇಕಾದ ಅದೇ ಒಣ ಕ್ರಮದಲ್ಲಿ ಬರೆದದ್ದು. ಹಳೆಯ ಕಾಲೇಜಿನ ಲ್ಯಾಬಿನಲ್ಲಿ ಪರೀಕ್ಷಿಸಿದೆ. ಡಿಸ್ಕ್ ಏಳುತ್ತದೆ. ಕನ್ನಡ ಸರಿಯಾಗಿದೆ. ತೊಂದರೆ ಒಂದು: ಇಲ್ಲಿನ ಯಂತ್ರಗಳು ವೇಗದವು, ಆಫ್ ಮಾಡಿದಾಗ ಹೆಸರುಗಳ ತೆರೆ ಮಿಂಚಿ ಮಾಯವಾಗುತ್ತದೆ. ಹಲವು ಸಲ ಪ್ರಯತ್ನಿಸಿದೆ. ಕೆಲಸ ಮಾಡಿದವರ ಹೆಸರು ಪೂರ್ತಿ ಓದಲಾಗುತ್ತಿಲ್ಲ. ಓದಲು ಆಗಬೇಕು.

ನಾವು ಪರೀಕ್ಷಿಸಿದ್ದೆಲ್ಲ ಹಯಾಶಿ ಸಾನರ ಮುದಿ ಯಂತ್ರಗಳಲ್ಲಿ. ಅಲ್ಲಿ ಆ ತೆರೆ ಆರಾಮಾಗಿ ನಿಲ್ಲುತ್ತಿತ್ತು. ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಶ್ರುತಿ ವರದಿಯನ್ನು ಎರಡು ಸಲ ಓದಿ ನನ್ನ ಕಡೆ ತಿರುಗಿದಳು. "ಲಾಯರಮ್ಮ, ತಪ್ಪು ಹುಡುಕಿ ಕೊಟ್ಟರೆ ಅದು ಕೆಲಸ ಮಾಡಿದ ಲೆಕ್ಕ ತಾನೇ?"

ಈ ಒಂದು ವಿಷಯದಲ್ಲಿ ನಾನು ವಿರೋಧ ಪಕ್ಷ ತೆಗೆದುಕೊಳ್ಳಲಿಲ್ಲ.

ತಿದ್ದಿದ ಡಿಸ್ಕ್ ಈಗ ಹೊರಗಿದೆ. ಅವರ ಹೆಸರೂ ಅದರಲ್ಲಿದೆ. ಎಲ್ಲರ ಮೇಲೂ ಅಲ್ಲ, ಎಲ್ಲರ ಜೊತೆ, ಪರೀಕ್ಷಿಸಿದವರ ಸಾಲಿನಲ್ಲಿ. ಮುಂದಿನ ಸಲ ಏನಾದರೂ ಮಾಡಿದರೆ ಇರುತ್ತದೆ, ಇಲ್ಲದಿದ್ದರೆ ಇಲ್ಲ. ಅದಕ್ಕೇ ಇಲ್ಲಿ ಬರೆದಿಲ್ಲ. ಕೆಲಸ ಮಾಡದ ಕಡೆ ಹೆಸರು ಹಾಕಿಸಿಕೊಳ್ಳುವುದು ಅವರಿಗೆ ಆಗದು, ಈ ಪುಟವನ್ನು ಬರೆದದ್ದು ನಾನು. ಬೇಕಿದ್ದವರು ಒಂದು ಸಿಡಿ ಹಾಕಿ, ಕನ್ನಡದಲ್ಲಿ ಏನಾದರೂ ನಾಲ್ಕು ಸಾಲು ಬರೆದು, ಯಂತ್ರ ಆಫ್ ಮಾಡಿ ನೋಡಿ. ಈಗ ಅದು ಓದುವಷ್ಟು ಹೊತ್ತು ನಿಲ್ಲುತ್ತದೆ.